ಕೆಂಪು ಪೆನ್ಸಿಲ್ ಹಿಡಿದ ಗೆಳೆಯ

‘ಜೀನಿಯಸ್’ 2016ರ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ಇಂಗ್ಲಿಷ್ ಚಿತ್ರ. ಅಮೆರಿಕದ ಕಾದಂಬರಿಕಾರ ಥಾಮಸ್ ವುಲ್ಫ್ ಮತ್ತು ಅವನ ಬರಹವನ್ನು ತಿದ್ದಿ ಪುಸ್ತಕವಾಗಿಸಿದ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಇವರ ಒಡನಾಟವೇ ಅದರ ಕಥೆ. ಈ ಸಂಪಾದಕ ಪತ್ರಿಕೆ ನಡೆಸುವವನಲ್ಲ. ಪ್ರಕಾಶನ ಸಂಸ್ಥೆಗೆ ಬಂದ ರಾಶಿ ಹಸ್ತಪ್ರತಿಗಳಲ್ಲಿ ಒಂದನ್ನು ಆರಿಸಿ, ಲೇಖಕನ ಎದುರು ಕೂತು, ಏನು ಉಳಿಯಬೇಕು ಏನು ಹೋಗಬೇಕು ಎಂದು ವಾದಿಸುವುದು ಅವನ ಕೆಲಸ. ಪುಸ್ತಕದ ಮೇಲೆ ಅವನ ಹೆಸರು ಇರುವುದಿಲ್ಲ.

ಚಿತ್ರಕ್ಕೆ ಆಧಾರ ಎ. ಸ್ಕಾಟ್ ಬರ್ಗ್ 1978ರಲ್ಲಿ ಪ್ರಕಟಿಸಿದ ಪರ್ಕಿನ್ಸ್‌ನ ಜೀವನಚರಿತ್ರೆ. ಚಿತ್ರಕಥೆ ಜಾನ್ ಲೋಗನ್ ಅವರದು. ನಿರ್ದೇಶಕ ಮೈಕೆಲ್ ಗ್ರ್ಯಾಂಡೇಜ್ ಲಂಡನ್ನಿನ ರಂಗಭೂಮಿಯಲ್ಲಿ ಹೆಸರಾದವರು. ಇದು ಅವರ ಮೊದಲ ಸಿನಿಮಾ. ಪರ್ಕಿನ್ಸ್ ಆಗಿ ಕಾಲಿನ್ ಫರ್ತ್, ವುಲ್ಫ್ ಆಗಿ ಜೂಡ್ ಲಾ ನಟಿಸಿದ್ದಾರೆ. ಕಥೆ ನ್ಯೂಯಾರ್ಕಿನದಾದರೂ ಮುಖ್ಯ ಪಾತ್ರಗಳಲ್ಲಿ ಹೆಚ್ಚಿನವರು ಬ್ರಿಟಿಷ್ ಮತ್ತು ಆಸ್ಟ್ರೇಲಿಯಾದ ನಟರು.

ಪರ್ಕಿನ್ಸ್ ಹುಟ್ಟಿದ್ದು 1884ರಲ್ಲಿ. 1910ರಲ್ಲಿ ಅವನು ಚಾರ್ಲ್ಸ್ ಸ್ಕ್ರಿಬ್ನರ್ಸ್ ಸನ್ಸ್ ಎಂಬ ಹೆಸರಾಂತ ಪ್ರಕಾಶನ ಸಂಸ್ಥೆ ಸೇರಿದ್ದು ಜಾಹೀರಾತು ವಿಭಾಗದ ನೌಕರನಾಗಿ. ಕೆಲವು ವರ್ಷಗಳ ಮೇಲೆ ಸಂಪಾದಕೀಯಕ್ಕೆ ಬಂದ. ಹಿರಿಯ, ಮರ್ಯಾದಸ್ಥ ಲೇಖಕರ ಮನೆ ಎನಿಸಿಕೊಂಡಿದ್ದ ಆ ಸಂಸ್ಥೆಗೆ ಹೊಸ ರಕ್ತ ತಂದವನು ಅವನೇ. ಹಿರಿಯರು ಬೇಡವೆಂದರೂ ಪಟ್ಟುಹಿಡಿದು ಸ್ಕಾಟ್ ಫಿಟ್ಸ್‌ಜೆರಾಲ್ಡ್‌ನ ಮೊದಲ ಕಾದಂಬರಿಯನ್ನು 1920ರಲ್ಲಿ ಹೊರತಂದ. 1926ರಲ್ಲಿ ಹೆಮಿಂಗ್‌ವೇಯ ‘ದಿ ಸನ್ ಆಲ್ಸೋ ರೈಸಸ್’ ಬಂತು. ಐದು ಹೆಣ್ಣುಮಕ್ಕಳ ತಂದೆಯಾದ, ಮಿತಭಾಷಿಯಾದ ಈ ಮನುಷ್ಯ ಕಚೇರಿಯ ಒಳಗೂ ಹ್ಯಾಟು ತೆಗೆಯುತ್ತಿರಲಿಲ್ಲ. ಆ ಅಭ್ಯಾಸವನ್ನು ಸಿನಿಮಾ ಜೋಪಾನವಾಗಿ ಉಳಿಸಿಕೊಂಡಿದೆ.

ವುಲ್ಫ್ ಎಲ್ಲದರಲ್ಲೂ ಇವನಿಗೆ ತದ್ವಿರುದ್ಧ. 1900ರಲ್ಲಿ ಉತ್ತರ ಕೆರೊಲಿನಾದ ಆ್ಯಶ್‌ವಿಲ್ ಎಂಬ ಊರಿನಲ್ಲಿ ಹುಟ್ಟಿದವನು. ತಂದೆ ಗೋರಿಕಲ್ಲು ಕೆತ್ತುವವನು, ತಾಯಿ ಬಾಡಿಗೆಗೆ ಕೋಣೆ ಕೊಟ್ಟು ಊಟ ಹಾಕುವ ವಸತಿಗೃಹ ನಡೆಸುತ್ತಿದ್ದಳು. ಆರೂವರೆ ಅಡಿ ಎತ್ತರದ ಆಳು. ಫ್ರಿಜ್ಜಿನ ನೆತ್ತಿಯನ್ನೇ ಮೇಜು ಮಾಡಿಕೊಂಡು ನಿಂತೇ ಬರೆಯುತ್ತಿದ್ದನಂತೆ. ಬರೆಯಲು ಕೂತರೆ, ಅಥವಾ ನಿಂತರೆ, ಅವನಿಗೆ ನಿಲ್ಲಿಸುವುದು ಗೊತ್ತಿರಲಿಲ್ಲ. ಸಾವಿರಕ್ಕೂ ಹೆಚ್ಚು ಪುಟಗಳ ‘ಓ ಲಾಸ್ಟ್’ ಎಂಬ ಅವನ ಹಸ್ತಪ್ರತಿಯನ್ನು ಬೇರೆ ಪ್ರಕಾಶಕರು ತಿರಸ್ಕರಿಸಿದ ಮೇಲೆ ಅದು ಪರ್ಕಿನ್ಸ್‌ನ ಮೇಜಿಗೆ ಬಂತು. 1929ರ ಜನವರಿಯಲ್ಲಿ ಇಬ್ಬರೂ ಭೇಟಿಯಾದರು. ಸುಮಾರು 60 ಸಾವಿರ ಪದಗಳನ್ನು ಕಳೆದುಕೊಂಡು, ಹೆಸರನ್ನೂ ಬದಲಿಸಿಕೊಂಡು, ಅದೇ ವರ್ಷದ ಅಕ್ಟೋಬರಿನಲ್ಲಿ ‘ಲುಕ್ ಹೋಮ್‌ವರ್ಡ್, ಏಂಜೆಲ್’ ಅಚ್ಚಾಗಿ ಬಂತು. ಕೆಲವೇ ದಿನಗಳಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಪುಸ್ತಕ ಮಾತ್ರ ಗೆದ್ದಿತು. ತಮ್ಮನ್ನೇ ಕಾದಂಬರಿಗೆ ಎಳೆದು ತಂದಿದ್ದಾನೆಂದು ಆ್ಯಶ್‌ವಿಲ್‌ನ ಜನ ಸಿಟ್ಟಾದರು; ವುಲ್ಫ್ ಏಳು ವರ್ಷಗಳಿಗೂ ಹೆಚ್ಚು ಕಾಲ ಊರಿನ ಕಡೆ ತಲೆಹಾಕಲಿಲ್ಲ.

ಒಡನಾಟದ ಅಸಲು ಪರೀಕ್ಷೆ ನಡೆದದ್ದು ಎರಡನೆಯ ಕಾದಂಬರಿ ‘ಆಫ್ ಟೈಮ್ ಅಂಡ್ ದಿ ರಿವರ್’ ಕಾಲದಲ್ಲಿ. ಸಿನಿಮಾದಲ್ಲಿ ಅದರ ಹಸ್ತಪ್ರತಿ ಮರದ ಪೆಟ್ಟಿಗೆಗಳಲ್ಲಿ ಕಚೇರಿಗೆ ಬರುತ್ತದೆ. 1934ರುದ್ದಕ್ಕೂ ಇಬ್ಬರೂ ರಾತ್ರಿಯೆಲ್ಲ ಕೂತು ತಿದ್ದಿದರು. ಪರ್ಕಿನ್ಸ್ ಒಂದು ಭಾಗ ತೆಗೆಸಿದರೆ ವುಲ್ಫ್ ಅದರ ಜಾಗಕ್ಕೆ ಇನ್ನಷ್ಟು ಉದ್ದದ ಭಾಗ ಬರೆದು ತರುತ್ತಿದ್ದ. ಹೀಗೆಯೇ ಬಿಟ್ಟರೆ ಪುಸ್ತಕ ಎಂದಿಗೂ ಮುಗಿಯುವುದಿಲ್ಲ ಎಂದರಿತ ಪರ್ಕಿನ್ಸ್, ವುಲ್ಫ್ ಷಿಕಾಗೊದ ವಿಶ್ವಮೇಳ ನೋಡಲು ಹೋಗಿದ್ದಾಗ ಹಸ್ತಪ್ರತಿಯನ್ನು ಮುದ್ರಣಕ್ಕೆ ಕಳಿಸಿಬಿಟ್ಟ. ಇದನ್ನು ಉಪಕಾರವೆಂದೂ ಕರೆಯಬಹುದು, ಅತಿಕ್ರಮವೆಂದೂ ಕರೆಯಬಹುದು. 1935ರಲ್ಲಿ ಬಂದ ಆ ಪುಸ್ತಕವನ್ನು ವುಲ್ಫ್ ಪರ್ಕಿನ್ಸ್‌ನಿಗೇ ಅರ್ಪಿಸಿದ.

ಓದುವುದನ್ನೂ ಬರೆಯುವುದನ್ನೂ ತೆರೆಯ ಮೇಲೆ ತೋರಿಸುವುದು ಕಷ್ಟ. ಕಣ್ಣಿಗೆ ಕಾಣುವಂಥದ್ದು ಅಲ್ಲಿ ಏನೂ ನಡೆಯುವುದಿಲ್ಲ. ಗ್ರ್ಯಾಂಡೇಜ್ ಈ ತೊಡಕನ್ನು ಬಗೆಹರಿಸಿರುವುದು ಒಂದೇ ಒಂದು ಪ್ಯಾರಾವನ್ನು ಹಿಡಿದು. ಕಾದಂಬರಿಯ ನಾಯಕ ಮೊದಲ ಸಲ ಒಬ್ಬ ಹೆಣ್ಣನ್ನು ಕಂಡು ಮರುಳಾಗುವ ಭಾಗವದು. ವುಲ್ಫ್ ಅದರಲ್ಲಿ ಉಪಮೆಯ ಮೇಲೆ ಉಪಮೆ ಪೇರಿಸಿದ್ದಾನೆ. ಮೊದಲ ನೋಟದ ಪ್ರೀತಿಗೆ ಇಷ್ಟೆಲ್ಲ ಮಾತು ಬೇಕೇ ಎಂಬುದು ಪರ್ಕಿನ್ಸ್‌ನ ತಕರಾರು. ಕಚೇರಿಯಲ್ಲಿ ಶುರುವಾದ ಚರ್ಚೆ ಬೀದಿಗಿಳಿದು ರೈಲು ನಿಲ್ದಾಣದವರೆಗೂ ಸಾಗುತ್ತದೆ. ಹೆಜ್ಜೆಹೆಜ್ಜೆಗೂ ಪದಗಳು ಉದುರಿ ಕೊನೆಗೆ ಕೆಲವೇ ಸಾಲುಗಳು ಉಳಿಯುತ್ತವೆ. ಸಂಪಾದನೆ ಎಂದರೆ ಕಾಗುಣಿತ ತಿದ್ದುವುದಲ್ಲ, ವಾಕ್ಯ ಏನನ್ನು ಹೇಳಲು ಹೊರಟಿದೆ ಎಂದು ಕೇಳುವುದು ಎಂಬುದು ನೋಡುಗನಿಗೆ ಅರ್ಥವಾಗುವುದು ಇಲ್ಲಿಯೇ. ಇಡೀ ಚಿತ್ರದಲ್ಲಿ ಇದಕ್ಕೆ ಸಾಟಿಯಾದ ದೃಶ್ಯ ಇನ್ನೊಂದಿಲ್ಲ.

ಉಳಿದ ಕಡೆ ಚಿತ್ರ ಅಷ್ಟು ಗಟ್ಟಿಯಾಗಿಲ್ಲ. ಲಾ ಅವರ ವುಲ್ಫ್ ಸದಾ ಅಬ್ಬರಿಸುತ್ತಾನೆ, ಫರ್ತ್ ಅವರ ಪರ್ಕಿನ್ಸ್ ಸದಾ ತುಟಿ ಬಿಗಿಹಿಡಿದಿರುತ್ತಾನೆ. ಈ ಏರ್ಪಾಡು ಬೇಗ ಹಳತಾಗುತ್ತದೆ. ವುಲ್ಫ್‌ನನ್ನು ಹಣದಿಂದಲೂ ಮನಸ್ಸಿನಿಂದಲೂ ಸಾಕಿದ ರಂಗವಿನ್ಯಾಸಕಿ ಅಲೀನ್ ಬರ್ನ್‌ಸ್ಟೈನ್ ಅವನಿಗಿಂತ ಸುಮಾರು 20 ವರ್ಷ ಹಿರಿಯಳು, ಗೃಹಸ್ಥೆ. ಮೊದಲ ಕಾದಂಬರಿ ಅರ್ಪಣೆಯಾದದ್ದು ಅವಳಿಗೆ. ನಿಕೋಲ್ ಕಿಡ್ಮನ್ ನಟಿಸಿರುವ ಈ ಪಾತ್ರವನ್ನು ಚಿತ್ರ ಹೆಚ್ಚಾಗಿ ಹೊಟ್ಟೆಕಿಚ್ಚಿನ ಪ್ರೇಯಸಿಯಾಗಿಯೇ ನೋಡುತ್ತದೆ.

ವುಲ್ಫ್ ಸಂಪಾದಕನನ್ನು ತೊರೆದದ್ದಕ್ಕೆ ಕೀರ್ತಿಯ ಅಮಲು ಕಾರಣವೆಂಬಂತೆ ಚಿತ್ರ ತೋರಿಸುತ್ತದೆ. ಅಷ್ಟೇ ಆಗಿದ್ದರೆ ಸರಳವಾಗಿತ್ತು. 1936ರಲ್ಲಿ ವಿಮರ್ಶಕ ಬರ್ನಾರ್ಡ್ ಡಿವೋಟೊ, ವುಲ್ಫ್‌ನ ಪುಸ್ತಕಗಳಿಗೆ ರೂಪ ಬಂದದ್ದು ಪರ್ಕಿನ್ಸ್‌ನ ಕೈಯಿಂದ, ಸ್ಕ್ರಿಬ್ನರ್ಸ್‌ನ ಕಚೇರಿಯಲ್ಲಿ ಎಂದು ಕಟುವಾಗಿ ಬರೆದ. ಸಂಪಾದಕನ ನೆರವನ್ನು ‘ದಿ ಸ್ಟೋರಿ ಆಫ್ ಎ ನಾವೆಲ್’ ಎಂಬ ಪುಟ್ಟ ಪುಸ್ತಕದಲ್ಲಿ ತಾನೇ ಬಿಚ್ಚುಮನಸ್ಸಿನಿಂದ ಹೇಳಿಕೊಂಡಿದ್ದ ವುಲ್ಫ್‌ಗೆ ಅದೇ ಉರುಳಾಯಿತು. ತಾನು ಒಬ್ಬನೇ ನಿಲ್ಲಬಲ್ಲೆ ಎಂದು ಸಾಧಿಸಲು 1937ರಲ್ಲಿ ಅವನು ಹಾರ್ಪರ್ ಎಂಬ ಬೇರೆ ಪ್ರಕಾಶನ ಸಂಸ್ಥೆಗೆ ಹೋದ.

ಮರುವರ್ಷ ಪಶ್ಚಿಮ ಕರಾವಳಿಯ ಪ್ರವಾಸದಲ್ಲಿ ಕಾಯಿಲೆ ಬಿದ್ದ ವುಲ್ಫ್, ಆಗಸ್ಟಿನಲ್ಲಿ ಸಿಯಾಟಲ್‌ನ ಆಸ್ಪತ್ರೆಯಿಂದ ಪರ್ಕಿನ್ಸ್‌ನಿಗೆ ಪತ್ರ ಬರೆದು ಹಳೆಯ ಪ್ರೀತಿಯನ್ನು ನೆನೆದ. ಕ್ಷಯ ಮಿದುಳಿಗೆ ಹರಡಿತ್ತು. 1938ರ ಸೆಪ್ಟೆಂಬರ್ 15ರಂದು ಬಾಲ್ಟಿಮೋರ್‌ನಲ್ಲಿ ಅವನು ತೀರಿಕೊಂಡಾಗ 38 ತುಂಬಿರಲಿಲ್ಲ. ಚಿತ್ರ ಈ ಪತ್ರಕ್ಕೇ ಮುಗಿಯುತ್ತದೆ.

ಆಮೇಲಿನದೂ ಕಡಿಮೆ ಕುತೂಹಲಕರವಲ್ಲ. ವುಲ್ಫ್ ಬಿಟ್ಟುಹೋದ ಸಾವಿರಾರು ಪುಟಗಳನ್ನು ಹಾರ್ಪರ್‌ನ ಸಂಪಾದಕ ಎಡ್ವರ್ಡ್ ಆಸ್ವೆಲ್ ಕತ್ತರಿಸಿ ಜೋಡಿಸಿ ‘ಯೂ ಕಾಂಟ್ ಗೋ ಹೋಮ್ ಅಗೇನ್’ ಮೊದಲಾದ ಪುಸ್ತಕಗಳಾಗಿ ತಂದ. ಕೇಳಲು, ಜಗಳವಾಡಲು ಈ ಸಲ ಲೇಖಕ ಇರಲಿಲ್ಲ. ಉಯಿಲಿನಂತೆ ವುಲ್ಫ್‌ನ ಬರಹಗಳ ಹೊಣೆ ಹೊತ್ತವನು ಪರ್ಕಿನ್ಸ್. ‘ಯೂ ಕಾಂಟ್ ಗೋ ಹೋಮ್ ಅಗೇನ್’ ಕಾದಂಬರಿಯಲ್ಲಿ ಫಾಕ್ಸ್‌ಹಾಲ್ ಎಡ್ವರ್ಡ್ಸ್ ಎಂಬ ಹೆಸರಿನಲ್ಲಿ ಅವನೂ ಒಂದು ಪಾತ್ರ. ಪರ್ಕಿನ್ಸ್ 1947ರಲ್ಲಿ ತೀರಿಕೊಂಡ. 2000ದಲ್ಲಿ, ವುಲ್ಫ್‌ನ ಜನ್ಮಶತಮಾನೋತ್ಸವದ ವರ್ಷ, ‘ಓ ಲಾಸ್ಟ್’ ತನ್ನ ಮೊದಲಿನ ರೂಪದಲ್ಲಿಯೇ ಅಚ್ಚಾಯಿತು. ಅದನ್ನೂ ‘ಲುಕ್ ಹೋಮ್‌ವರ್ಡ್, ಏಂಜೆಲ್’ ಅನ್ನೂ ಎದುರುಬದುರು ಇಟ್ಟು, ಪರ್ಕಿನ್ಸ್‌ನ ಪೆನ್ಸಿಲ್ ಎಲ್ಲಿ ಸರಿ ಎಲ್ಲಿ ತಪ್ಪು ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ.