ನೀರಿನಲ್ಲಿ ಸಡಿಲುವ ನಂಟು

ಹಳೆಯ ವೃತ್ತಪತ್ರಿಕೆಯಿಂದ ಎರಡು ಪಟ್ಟಿಗಳನ್ನು ಹರಿದುಕೊಂಡು, ಒಂದನ್ನು ನೀರಿನಲ್ಲಿಯೂ ಇನ್ನೊಂದನ್ನು ಸೀಮೆಎಣ್ಣೆಯಲ್ಲಿಯೂ ನೆನೆಯಿಸಿ ಎಳೆದು ನೋಡೋಣ. (ಸೀಮೆಎಣ್ಣೆ ದೊರೆಯದಿದ್ದರೆ ಕೊಬ್ಬರಿ ಎಣ್ಣೆಯಾದರೂ ಆದೀತು.) ನೀರಿನ ಪಟ್ಟಿ ಮೆಲ್ಲನೆ ಎಳೆದರೂ ಕಿತ್ತುಬರುತ್ತದೆ; ಎಣ್ಣೆಯ ಪಟ್ಟಿ ಹೆಚ್ಚುಕಡಿಮೆ ಒಣ ಕಾಗದದಷ್ಟೇ ಗಟ್ಟಿಯಾಗಿರುತ್ತದೆ. ಎರಡೂ ಕಾಗದವನ್ನು ತೋಯಿಸಿದ ದ್ರವಗಳೇ ಅಲ್ಲವೆ? ಹೀಗಿರುವಾಗ ಈ ವ್ಯತ್ಯಾಸವೇಕೆ?

ಕಾಗದದ ನಾರುಗಳು ಸೆಲ್ಯುಲೋಸಿನವು. ನಾರಿಗೆ ನಾರನ್ನು ಹಿಡಿದಿಡುವುದರಲ್ಲಿ ಜಲಜನಕ ಬಂಧದ ಪಾಲು ಹಿರಿದು. ಆಮ್ಲಜನಕದೊಡನೆ ಕೂಡಿರುವ ಜಲಜನಕದ ಪರಮಾಣು ತನ್ನ ಎಲೆಕ್ಟ್ರಾನನ್ನು ಕೊಂಚಮಟ್ಟಿಗೆ ಅದಕ್ಕೆ ಬಿಟ್ಟುಕೊಟ್ಟು ಅಲ್ಪ ಧನವಿದ್ಯುತ್ತನ್ನು ತಾಳುತ್ತದೆ. ಆಗ ನೆರೆಯ ಅಣುವಿನ ಆಮ್ಲಜನಕವು ಅದನ್ನು ತನ್ನೆಡೆಗೆ ಸೆಳೆಯುತ್ತದೆ. ನೀರಿನ ಅಣುಗಳು ಹೀಗೆ ಕೂಡಿಕೊಂಡಿರುತ್ತವೆಂಬುದನ್ನು 1920ರಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಷ್ ಎಂಬ ಅಮೆರಿಕದ ವಿಜ್ಞಾನಿಗಳು ವಿವರಿಸಿದರು. ಇದು ದುರ್ಬಲ ಬಂಧ. ಆಮ್ಲಜನಕ-ಜಲಜನಕಗಳ ನಿಜವಾದ ರಾಸಾಯನಿಕ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 110 ಕಿಲೊಕ್ಯಾಲೊರಿ ಬೇಕಾದರೆ ಇದಕ್ಕೆ ಸುಮಾರು 5 ಸಾಕು.

ಆದರೆ ಈ 5 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವ ವಿದ್ಯಾರ್ಥಿಯು ಮೋಸಹೋಗುತ್ತಾನೆ. ಬಂಧವು ಎಲ್ಲಿದೆ ಎಂಬುದನ್ನೂ ಕೇಳಬೇಕು. ಅಸಿಟಿಕ್ ಆಮ್ಲದ ಅಣುತೂಕ 60. ಅದರ 6 ಗ್ರಾಮನ್ನು ಒಂದು ಕಿಲೊಗ್ರಾಂ ಬೆನ್ಜೀನಿನಲ್ಲಿ ಕರಗಿಸಿದರೆ, ಬೆನ್ಜೀನಿನ ಘನೀಭವನಬಿಂದು 0.51 ಡಿಗ್ರಿಯಷ್ಟು ಇಳಿಯಬೇಕೆಂದು ಲೆಕ್ಕ ಹೇಳುತ್ತದೆ. ವಾಸ್ತವವಾಗಿ ಇಳಿಯುವುದು ಹೆಚ್ಚುಕಡಿಮೆ ಅದರ ಅರ್ಧದಷ್ಟು ಮಾತ್ರ! ಅಂದರೆ ಕಣಗಳ ಸಂಖ್ಯೆಯೂ ಅರ್ಧವಾಗಿದೆ; ಆಮ್ಲದ ಅಣುಗಳು ಎರಡೆರಡಾಗಿ, ಎರಡು ಜಲಜನಕ ಬಂಧಗಳಿಂದ ಜೋಡಿಗೂಡಿವೆ. ಅದೇ ಆಮ್ಲವನ್ನು ಅಷ್ಟೇ ನೀರಿನಲ್ಲಿ ಕರಗಿಸಿದರೆ ಲೆಕ್ಕ ಸರಿಹೋಗುತ್ತದೆ. ಜೋಡಿಗಳು ಇಲ್ಲವೆನ್ನುವಷ್ಟು ಕಡಮೆ. (ಬೆನ್ಜೀನ್ ಕ್ಯಾನ್ಸರನ್ನು ತರಬಲ್ಲ ದ್ರವವಾದುದರಿಂದ ಈ ಪ್ರಯೋಗವನ್ನು ಓದಿ ತಿಳಿದರೆ ಸಾಕು.)

ಕಾರಣವು ಕಠಿನವಲ್ಲ. ಬೆನ್ಜೀನಿನಲ್ಲಿ ಆಮ್ಲದ ಅಣುವಿಗೆ ತನ್ನಂತಹ ಇನ್ನೊಂದು ಅಣುವಿನ ಹೊರತು ತಕ್ಕ ಜೊತೆಗಾರರಿಲ್ಲ. ಲೀಟರು ನೀರಿನಲ್ಲಾದರೋ ಸುಮಾರು 55 ಮೋಲ್ ನೀರಿನ ಅಣುಗಳು ಬಂಧಕ್ಕೆ ಸಿದ್ಧವಾಗಿ ನಿಂತಿವೆ. ಜೋಡಿ ಮುರಿದಾಗ ಆದ ನಷ್ಟವನ್ನು ಅವು ಬಹುಪಾಲು ತುಂಬಿಕೊಡುತ್ತವೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಬೆನ್ಜೀನಿನದು 2.3, ವಿದ್ಯುದಾಕರ್ಷಣೆ ನೀರಿನಲ್ಲಿ ಕುಗ್ಗುವುದೂ ಸಹಜವೇ. ಆದರೆ ಅಣುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರವಿರುವಾಗ ಈ ಸ್ಥಿರಾಂಕವನ್ನು ಹಾಗೆಯೇ ಸೂತ್ರಕ್ಕೆ ಹಾಕಿ ಭಾಗಿಸುವುದು ತಪ್ಪಾದೀತು. ಸೆಲ್ಯುಲೋಸಿನ ನಾರುಗಳ ನಡುವೆ ನೀರು ನುಗ್ಗಿ ಮಾಡುವುದೂ ಇದನ್ನೇ. ಇಸ್ತ್ರಿ ಮಾಡುವವರು ಹತ್ತಿಬಟ್ಟೆಗೆ ನೀರು ಚಿಮುಕಿಸುವುದರ ಗುಟ್ಟೂ ಇದೇ.

ಹಾಗಾದರೆ ನಮ್ಮ ಜೀವಕೋಶದ ಡಿ.ಎನ್.ಎ.ಯ ಗತಿಯೇನು? 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತೋರಿಸಿದ ಅದರ ಎರಡು ಎಳೆಗಳು ಜಲಜನಕ ಬಂಧಗಳಿಂದ ಹೆಣೆದಿವೆ, ಇರುವುದೋ ನೀರಿನಲ್ಲಿ! ಅಸಿಟಿಕ್ ಆಮ್ಲದಂತೆ ಅವೇಕೆ ಬೇರೆಯಾಗುವುದಿಲ್ಲ? ಎಳೆಗಳ ಒಳಮುಖದ ಚಪ್ಪಟೆಯಾದ ಪ್ರತ್ಯಾಮ್ಲಗಳು ನಾಣ್ಯಗಳಂತೆ ಒಂದರ ಮೇಲೊಂದು ಅಡಕವಾಗಿ ಕುಳಿತು ನಡುವಿನ ನೀರನ್ನು ಹೊರದೂಡುತ್ತವೆ. ಸುರುಳಿಯ ಭದ್ರತೆಯ ದೊಡ್ಡ ಭಾಗ ಈ ಪೇರಿಕೆಯದು. ಜಲಜನಕ ಬಂಧಗಳು ಮುಖ್ಯವಾಗಿ ಸರಿಯಾದ ಜೊತೆಯನ್ನು ಆರಿಸುತ್ತವೆ: ತಪ್ಪು ಜೊತೆ ಬಂದರೆ ನೀರಿನೊಡನಿದ್ದ ನಂಟು ಕಳೆದುಹೋಗುತ್ತದೆ, ಪ್ರತಿಯಾಗಿ ಸಾಕಷ್ಟು ದೊರೆಯುವುದಿಲ್ಲ.

ದ್ರಾವಕವನ್ನು ಬದಲಿಸಿದರೆ ಈ ಭದ್ರತೆಯೂ ಬದಲಾಗುತ್ತದೆ. ನೀರಿಗೆ ಫಾರ್ಮಮೈಡನ್ನು ಬೆರೆಸಿದಾಗ ನೂರಕ್ಕೆ ಒಂದು ಪಾಲಿಗೆ ಸುಮಾರು 0.6 ಡಿಗ್ರಿಯಂತೆ ಎಳೆಗಳು ಬಿಡಿಸಿಕೊಳ್ಳುವ ಉಷ್ಣತೆ ಇಳಿಯುತ್ತದೆ. ಅರ್ಧಕ್ಕರ್ಧ ಬೆರೆಸಿದರೆ ಸುಮಾರು 30 ಡಿಗ್ರಿ ಕೆಳಗೇ ಅವು ಬೇರೆಯಾಗುವುವು. ಡಿ.ಎನ್.ಎ.ಯನ್ನು ಹೆಚ್ಚು ಕಾಯಿಸದೆ ಬಿಡಿಸಬೇಕಾದಾಗ ಪ್ರಯೋಗಶಾಲೆಗಳಲ್ಲಿ ಮಾಡುವುದು ಹೀಗೆಯೇ.