ಒಂದೇ ಕಥೆ, ಹಲವು ಕವಿಗಳು: ಸಮಾನ ಶೈಲಿ ರೂಪುಗೊಳ್ಳುವ ಬಗೆ

ಮೆಚ್ಚಿದ ಕಥೆಯನ್ನು ಓದಿ ಸುಮ್ಮನಾಗದೆ, ಅದರ ಪಾತ್ರಗಳನ್ನಿಟ್ಟುಕೊಂಡು ಓದುಗರೇ ಹೊಸದಾಗಿ ಬರೆಯುವ ಪರಿಪಾಠಕ್ಕೆ ಇಂದು ಫ್ಯಾನ್ ಫಿಕ್ಷನ್ ಎಂಬ ಹೆಸರಿದೆ. ಇಂಥವರ ಬಳಗದಲ್ಲಿ ಕ್ರಮೇಣ ಒಂದೇ ಬಗೆಯ ಶೈಲಿ ನೆಲೆಗೊಳ್ಳುತ್ತದೆ. ಇದು ಹೇಗೆಂದು ತಿಳಿಯಲು ತರೀಕೆರೆ ಸೀಮೆಯವರು ದೂರ ಹೋಗಬೇಕಿಲ್ಲ. ನೆರೆಯ ಕಡೂರು ತಾಲ್ಲೂಕಿನ ದೇವನೂರು, 'ಜೈಮಿನಿ ಭಾರತ'ದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾಗಿದೆ.

ಷಟ್ಪದಿಯನ್ನು ಕಥನಕ್ಕೆ ಒಗ್ಗಿಸಿದವನು 13ನೆಯ ಶತಮಾನದ ರಾಘವಾಂಕ. ಕುಮಾರವ್ಯಾಸನು ಭಾರತದ ಮೊದಲ ಹತ್ತು ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿ ಹಾಡಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಅದೇ ಭಾಮಿನಿಯಲ್ಲಿ ಪೂರೈಸಿದನು. ಲಕ್ಷ್ಮೀಶನು ಅಶ್ವಮೇಧದ ಕಥೆಯನ್ನು ಆಯ್ದುಕೊಂಡು, ರಾಘವಾಂಕನು ಬಳಸಿದ್ದ ವಾರ್ಧಕ ಷಟ್ಪದಿಯಲ್ಲಿ 34 ಸಂಧಿಗಳ ಕಾವ್ಯ ರಚಿಸಿದನು.

ಈ ಸಾಮ್ಯಕ್ಕೆ ಕಾರಣ ಕೇಳುಗರ ಕಿವಿ. ಕಾವ್ಯಗಳನ್ನು ಸಭೆಯಲ್ಲಿ ರಾಗವಾಗಿ ವಾಚಿಸಲಾಗುತ್ತಿತ್ತು. ಓಲೆಗರಿಗಳು ಕೆಲವರ ಬಳಿ ಮಾತ್ರ ಇದ್ದವು. ಭಾಮಿನಿಯ ಕಿರಿಯ ಸಾಲಿಗೆ 14 ಮಾತ್ರೆ, ಹಿರಿಯ ಸಾಲಿಗೆ 23. ವಾರ್ಧಕದಲ್ಲಿ 20 ಮತ್ತು 32. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ, ಸಂಧಿಯ ಆರಂಭದಲ್ಲಿ ಕಥಾಸಾರ ತಿಳಿಸುವ ಸೂಚನಾಪದ್ಯ. ಈ ನಡೆಗೆ ಒಗ್ಗಿದವರಿಗೆ ಮಾತ್ರೆ ತಪ್ಪಿದರೆ ಕೂಡಲೇ ಗೊತ್ತಾಗುತ್ತಿತ್ತು. ಇಂದಿನ ಕೇಳುಗನೇ ನಾಳಿನ ಕವಿ. ಆದ್ದರಿಂದ ಯಾರೂ ಆಜ್ಞಾಪಿಸದಿದ್ದರೂ ನಿಯಮ ಉಳಿಯಿತು. ಮುಂದೆ ಯಕ್ಷಗಾನದ ಪ್ರಸಂಗಕರ್ತರು ಸುಧನ್ವ, ಬಭ್ರುವಾಹನ, ಚಂದ್ರಹಾಸರ ಕಥೆಗಳೊಡನೆ ಭಾಮಿನಿ, ವಾರ್ಧಕಗಳನ್ನೂ ತಮ್ಮದಾಗಿಸಿಕೊಂಡರು.

ಹಾಗೆಂದು ಇದು ಬರಿಯ ಅನುಕರಣೆಯಲ್ಲ. ಕುಮಾರವ್ಯಾಸನು ರೂಪಕಕ್ಕೆ ಹೆಸರಾದರೆ, ಲಕ್ಷ್ಮೀಶನು 'ಉಪಮಾಲೋಲ'ನೆನಿಸಿದನು. ಒಬ್ಬನದು ಗದುಗಿನ ವೀರನಾರಾಯಣನ ಅಂಕಿತ, ಇನ್ನೊಬ್ಬನದು ದೇವಪುರದ ಲಕ್ಷ್ಮೀರಮಣನದು. ಛಂದಸ್ಸು ಎಲ್ಲರ ಸೊತ್ತು, ಅದರೊಳಗಿನ ಕಾಣ್ಕೆ ಕವಿಯ ಸ್ವಂತದ್ದು.

ಆದರೆ ಇಂಥ ಶೈಲಿ ಪುಸ್ತಕದಿಂದಷ್ಟೇ ಬದುಕಲಾರದು. ಶಿವಮೊಗ್ಗ ಸಮೀಪದ ಹೊಸಹಳ್ಳಿಯಲ್ಲಿ ಗಮಕವನ್ನು ಬೆಳೆಸಿದ ಎಚ್.ಆರ್. ಕೇಶವಮೂರ್ತಿಯವರು, ಪದ್ಮಶ್ರೀ ಪುರಸ್ಕೃತರಾದ 2022ರಲ್ಲಿಯೇ ನಿಧನರಾದರು. ಕಾವ್ಯವನ್ನು ಮೌನವಾಗಿ ಓದುವವರಿಗೆ ಅರ್ಥ ದಕ್ಕೀತು, ನಡೆ ದಕ್ಕದು. ಶಾಲೆಯ ಪಾಠದಲ್ಲಿ ಬರುವ ಷಟ್ಪದಿಯನ್ನು ಮಕ್ಕಳಿಂದ ಗಟ್ಟಿಯಾಗಿ ವಾಚನ ಮಾಡಿಸುವುದು, ಮಾತ್ರೆ ತಪ್ಪಿದ್ದನ್ನು ಗುರುತಿಸಬಲ್ಲ ಕಿವಿಗಳನ್ನು ಉಳಿಸಿಕೊಳ್ಳುವ ಸುಲಭದ ದಾರಿ.