ಹೊರಡೋ ಟೈಮ್ ಹೇಳೋದು ಚಂದ್ರ!

ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಇರೋ ಕಿರಿದಾದ ಸಮುದ್ರವೇ ಸೊಲೆಂಟ್. ಅಲ್ಲಿನ ಸೈಲಿಂಗ್ ಕ್ಲಬ್‌ಗಳು ವೀಕೆಂಡ್‌ನಲ್ಲಿ ಹಾಯಿದೋಣಿಗಳಲ್ಲಿ ಗುಂಪಾಗಿ ಹತ್ತಿರದ ಮರೀನಾಗೆ ಹೋಗಿ, ರಾತ್ರಿ ಒಟ್ಟಿಗೆ ಊಟ ಮಾಡಿ, ಮರುದಿನ ವಾಪಸ್ ಬರ್ತವೆ.

ದ್ವೀಪದ ಉತ್ತರ ತುದಿಯ ಕೌಸ್‌ನಿಂದ ಪಶ್ಚಿಮದ ಯಾರ್ಮತ್‌ಗೆ ಹೋಗಬೇಕು ಅಂದ್ಕೊಳ್ಳಿ. ದೂರ ಲೆಕ್ಕಕ್ಕೆ 10 ನಾಟಿಕಲ್ ಮೈಲಿ ಇರಲಿ. ಗುಂಪಿನಲ್ಲಿ ಒಂದು ದೊಡ್ಡ ದೋಣಿ, ವೇಗ 6 ನಾಟ್. ಒಂದು ಚಿಕ್ಕದು, 4 ನಾಟ್. (1 ನಾಟ್ ಅಂದ್ರೆ ಗಂಟೆಗೆ 1.852 ಕಿ.ಮೀ.) ನೀರಿನ ಹರಿವು 2 ನಾಟ್.

ಇಲ್ಲಿ ನಮ್ಮ ಪಿಯುಸಿ ರಿಲೇಟಿವ್ ವೆಲಾಸಿಟಿ ಕೆಲಸಕ್ಕೆ ಬರತ್ತೆ. ಹರಿವು ಎದುರಿಗಿದ್ರೆ ದೊಡ್ಡ ದೋಣಿಗೆ ಎರಡೂವರೆ ಗಂಟೆ, ಚಿಕ್ಕದಕ್ಕೆ 5 ಗಂಟೆ. ಹರಿವು ಜೊತೆಗಿದ್ರೆ? ದೊಡ್ಡದಕ್ಕೆ 1 ಗಂಟೆ 15 ನಿಮಿಷ, ಚಿಕ್ಕದಕ್ಕೆ 1 ಗಂಟೆ 40 ನಿಮಿಷ. ಎರಡೂವರೆ ಗಂಟೆಯ ಅಂತರ 25 ನಿಮಿಷಕ್ಕೆ ಇಳೀತು!

ಈ ಹರಿವು ಉಬ್ಬರವಿಳಿತದ್ದು. ಸುಮಾರು 6 ಗಂಟೆಗೊಮ್ಮೆ ದಿಕ್ಕು ಬದಲಿಸತ್ತೆ. ಇಳಿತದ ನೀರು ಅಲ್ಲಿ ಪಶ್ಚಿಮಕ್ಕೆ ಹರಿಯೋದ್ರಿಂದ ಹೋಗೋದು ಇಳಿತದಲ್ಲಿ, ಬರೋದು ಉಬ್ಬರದಲ್ಲಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಹರಿವು ಇನ್ನೂ ಜೋರು. ಎದುರುಗಾಳಿ ಇದ್ರೆ ಅಲೆಗಳು ಕಡಿದಾಗಿ ಏಳ್ತವೆ, ಅದನ್ನೂ ನೋಡ್ಕೋಬೇಕು.

ಹಾಗಾಗಿ ಬೆಳಗಿನ ಜಾವ 5ಕ್ಕೇ ಎದ್ದು ಹೊರಡಬೇಕಾಗಿ ಬಂದ್ರೂ ಗೊಣಗೋ ಹಾಗಿಲ್ಲ. ಎಲ್ಲರಿಗಿಂತ ನಿಧಾನದ ದೋಣಿಯವರೂ ಊಟಕ್ಕೆ ಸರಿಯಾಗಿ ಬಂದು ಕೂರ್ತಾರಲ್ಲ, ಪ್ಲಾನ್ ಮಾಡೋದೇ ಅದಕ್ಕೆ.